ದೊಡ್ಡಾಸ್ಪತ್ರೆಯಲ್ಲಿ ‘ಸ್ಟಡಿಗೆ ಸೇರ್ತೀರಾ?’ ಅಂತ ಕೇಳಿದ್ರೆ ಏನು ಮಾಡಬೇಕು? ಸಹಿ ಹಾಕೋ ಮುಂಚೆ ಇದನ್ನ ಓದಿ

ಕೆಂಪಾಪುರ (ಮಾಗಡಿ ತಾಲ್ಲೂಕು): ನಮ್ಮ ಕಡೆ ಕಾಯಿಲೆ ಸ್ವಲ್ಪ ಜೋರಾಯ್ತು ಅಂದ್ರೆ ಬೆಂಗಳೂರು ಬಸ್ಸೇ ಗತಿ. ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ನರ ಮತ್ತು ಮನಸ್ಸಿನ ಕಾಯಿಲೆಗೆ ನಿಮ್ಹಾನ್ಸ್, ಉಳಿದದ್ದಕ್ಕೆ ವಿಕ್ಟೋರಿಯಾ ಅಥವಾ ಸೇಂಟ್ ಜಾನ್ಸ್. ಕೆಂಪಾಪುರ, ಕುದೂರು, ಸೋಲೂರಿನ ಯಾವ ಮನೆಯಲ್ಲಿ ಕೇಳಿದರೂ ಇವುಗಳಲ್ಲಿ ಒಂದರ ಚೀಟಿ ಸಿಗುತ್ತೆ.

ಇವು ಬರೀ ಚಿಕಿತ್ಸೆ ಕೊಡುವ ಜಾಗಗಳಲ್ಲ. ಮುಂದಿನ ಡಾಕ್ಟರ್‌ಗಳಿಗೆ ಪಾಠ ಹೇಳುವ ಆಸ್ಪತ್ರೆಗಳು. ಪಾಠದ ಜೊತೆಗೆ ಸಂಶೋಧನೆಯೂ ಅಲ್ಲೇ ನಡೆಯುತ್ತೆ. ಹಾಗಾಗಿ ಓಪಿಡಿಯಲ್ಲಿ ಕೂತಿದ್ದಾಗ ಒಬ್ಬ ಯುವ ಡಾಕ್ಟರ್ ನಾಲ್ಕೈದು ಹಾಳೆ ಹಿಡಿದು ಬಂದು, ‘ಒಂದು ಸ್ಟಡಿ ಮಾಡ್ತಿದ್ದೀವಿ, ಸೇರ್ತೀರಾ? ಸೇರೋದಾದ್ರೆ ಇಲ್ಲೊಂದು ಸಹಿ ಬೇಕು’ ಅಂತ ಕೇಳೋದು ಅಪರೂಪವೇನಲ್ಲ.

ಆಗ ನಮ್ಮವರು ಎರಡರಲ್ಲಿ ಒಂದು ಮಾಡ್ತಾರೆ. ಕೆಲವರು ‘ನಮ್ಮ ಮೇಲೆ ಪ್ರಯೋಗ ಮಾಡ್ತಾರೆ’ ಅಂತ ಹೆದರಿ ಎದ್ದು ಹೋಗ್ತಾರೆ. ಇನ್ನು ಕೆಲವರು ‘ಸಹಿ ಹಾಕದಿದ್ರೆ ಸರಿಯಾಗಿ ನೋಡಲ್ವೇನೋ’ ಅಂತ ಓದದೇ ಹೆಬ್ಬೆಟ್ಟು ಒತ್ತುತ್ತಾರೆ. ಎರಡೂ ಬೇಕಿಲ್ಲ. ಆ ಹಾಳೆಯಲ್ಲಿ ಏನಿರುತ್ತೆ, ನಿಮಗೆ ಏನೇನು ಕೇಳುವ ಹಕ್ಕಿದೆ ಅನ್ನೋದು ಗೊತ್ತಿದ್ದರೆ ನಿರ್ಧಾರ ನಿಮ್ಮ ಕೈಯಲ್ಲೇ ಇರುತ್ತೆ.

ಚಿಕಿತ್ಸೆಯ ಸಹಿ ಬೇರೆ, ಸಂಶೋಧನೆಯ ಸಹಿ ಬೇರೆ

ಆಪರೇಷನ್‌ಗೆ ಮುಂಚೆ ಹಾಕಿಸಿಕೊಳ್ಳುವ ಸಹಿ ನಿಮ್ಮ ಚಿಕಿತ್ಸೆಗೆ ಸಂಬಂಧಪಟ್ಟದ್ದು. ಅಲ್ಲಿ ಡಾಕ್ಟರ್ ಮಾಡುವುದೆಲ್ಲ ನಿಮ್ಮ ಕಾಯಿಲೆ ವಾಸಿ ಮಾಡೋದಕ್ಕೆ.

ಸಂಶೋಧನೆಯ ಉದ್ದೇಶ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು. ಈ ಮಾತ್ರೆ ಮೇಲೋ, ಆ ಮಾತ್ರೆ ಮೇಲೋ? ಹಳ್ಳಿಯವರು ಆಸ್ಪತ್ರೆಗೆ ತಡವಾಗಿ ಬರೋದು ಯಾಕೆ? ಉತ್ತರ ಸಿಕ್ಕರೆ ಮುಂದೆ ಸಾವಿರಾರು ಜನಕ್ಕೆ ಲಾಭ. ಸೇರಿದ ನಿಮಗೆ ನೇರ ಲಾಭ ಆಗಬಹುದು, ಆಗದೇ ಇರಬಹುದು. ಈ ವ್ಯತ್ಯಾಸವನ್ನು ಡಾಕ್ಟರ್ ನಿಮಗೆ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ಗೊಂದಲ ಪಿಜಿ ಡಾಕ್ಟರ್‌ಗಳದ್ದು. ಎಂಡಿ, ಎಂಎಸ್ ಓದುವವರು ಒಂದು ಥೀಸಿಸ್ ಮಾಡಲೇಬೇಕು. ನಿಮ್ಮನ್ನು ಪ್ರಶ್ನೆ ಕೇಳುವವರು, ‘ಸ್ವಲ್ಪ ರಕ್ತ ಜಾಸ್ತಿ ತಗೋತೀವಿ’ ಅನ್ನುವವರು ಬಹಳ ಸಲ ಇವರೇ. ಅದೂ ಸಂಶೋಧನೆಯೇ. ಅದಕ್ಕೂ ಆಸ್ಪತ್ರೆಯ ಎಥಿಕ್ಸ್ ಕಮಿಟಿಯ ಅನುಮತಿ ಬೇಕು, ನಿಮ್ಮ ಒಪ್ಪಿಗೆಯೂ ಬೇಕು. ಥೀಸಿಸ್‌ಗಾಗಿ ಮಾಡಿಸುವ ಹೆಚ್ಚುವರಿ ಟೆಸ್ಟ್‌ನ ಬಿಲ್ಲನ್ನು ನಿಮ್ಮ ತಲೆಗೆ ಕಟ್ಟುವಂತಿಲ್ಲ.

ಸಂಶೋಧನೆ ಅಂದ್ರೆ ಹೊಸ ಔಷಧಿ ಚುಚ್ಚಿ ನೋಡೋದು ಅಂತಲೇ ಅನೇಕರ ಲೆಕ್ಕ. ಅದು ಒಂದು ಬಗೆ ಅಷ್ಟೇ. ಬೆಂಗಳೂರಿನ ಒಂದೇ ಸಂಸ್ಥೆಯ ಮೂರು ಕೆಲಸ ನೋಡಿದರೆ ಇದು ಅರ್ಥವಾಗುತ್ತೆ. ಕೋರಮಂಗಲದ ಹತ್ತಿರ, ಸರ್ಜಾಪುರ ರಸ್ತೆಯಲ್ಲಿರುವ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಶುರುವಾಗಿದ್ದು 1963ರಲ್ಲಿ. ಅಲ್ಲಿ ಆಸ್ಪತ್ರೆಯ ಜೊತೆ ಪ್ರತ್ಯೇಕ ಸಂಶೋಧನಾ ಸಂಸ್ಥೆಯೂ ಇದೆ. ಅವರ ಒಂದು ಅಧ್ಯಯನ ನಡೆದದ್ದು ನಮ್ಮ ಜಿಲ್ಲೆಯ ಪಿಎಚ್‌ಸಿಗಳಲ್ಲೇ.

ಮೊದಲನೆಯದು: ಬಿಪಿ, ಶುಗರ್ ಜೊತೆಗೆ ಮನಸ್ಸಿನ ಬೇಸರ

ಶುಗರ್ ಇದೆ, ಬಿಪಿ ಇದೆ, ಮಾತ್ರೆಯೂ ನಡೀತಿದೆ. ಆದರೆ ರಾತ್ರಿ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಅಂಗಡಿ ಬಾಗಿಲು ತೆಗೆಯೋಕೂ ಮನಸ್ಸಿಲ್ಲ. ಇದನ್ನು ನಮ್ಮಲ್ಲಿ ‘ವಯಸ್ಸಾಯ್ತು’ ಅಂತಲೋ ‘ಟೆನ್ಷನ್’ ಅಂತಲೋ ಬಿಟ್ಟುಬಿಡ್ತೀವಿ. ವೈದ್ಯರು ಇದನ್ನು ಖಿನ್ನತೆ ಅಂತಾರೆ. ಖಿನ್ನತೆ ಇದ್ದವರು ಮಾತ್ರೆ ಬಿಡೋದು, ಪಥ್ಯ ಬಿಡೋದು ಜಾಸ್ತಿ. ಆಗ ಶುಗರ್ರೂ ಏರುತ್ತೆ. ಒಂದು ಕಾಯಿಲೆ ಇನ್ನೊಂದನ್ನು ಎಳೆದು ತರುತ್ತೆ.

ಪಿಎಚ್‌ಸಿಯಲ್ಲಿ ಮನೋವೈದ್ಯರು ಇರೋದಿಲ್ಲ. ಹಾಗಾದರೆ ಅಲ್ಲಿರುವ ಡಾಕ್ಟರ್, ನರ್ಸ್, ಊರಿನ ಆಶಾ ಕಾರ್ಯಕರ್ತೆ ಸೇರಿಕೊಂಡೇ ಎರಡೂ ಕಾಯಿಲೆಯನ್ನು ಒಟ್ಟಿಗೆ ನೋಡಿಕೊಳ್ಳಬಹುದಾ? ಇದೇ ಆ ಅಧ್ಯಯನದ ಪ್ರಶ್ನೆ. ಅದರ ಹೆಸರು ‘ಹೋಪ್’. ಸೇಂಟ್ ಜಾನ್ಸ್‌ನ ಮನೋವೈದ್ಯ ಡಾ. ಕೃಷ್ಣಮಾಚಾರಿ ಶ್ರೀನಿವಾಸನ್ ಮತ್ತು ಅವರ ತಂಡ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಕೇಂದ್ರದವರ ಜೊತೆ ಸೇರಿ ಇದನ್ನು ಅಂದಿನ ರಾಮನಗರ, ಈಗಿನ ಬೆಂಗಳೂರು ದಕ್ಷಿಣ ಜಿಲ್ಲೆಯ ಹಳ್ಳಿ ಪಿಎಚ್‌ಸಿಗಳಲ್ಲಿ ನಡೆಸಿತು. ಸುಮಾರು 50 ಪಿಎಚ್‌ಸಿ, ಸುಮಾರು 2,500 ಜನ. ಎಲ್ಲರೂ 30 ದಾಟಿದವರು. ಬಿಪಿ, ಶುಗರ್ ಅಥವಾ ಹೃದಯದ ತೊಂದರೆಯ ಜೊತೆಗೆ ಖಿನ್ನತೆಯೋ ಆತಂಕವೋ ಇದ್ದವರು.

ಇಲ್ಲಿ ಹೊಸ ಔಷಧಿ ಯಾವುದೂ ಇರಲಿಲ್ಲ. ಪರೀಕ್ಷೆಗೆ ಒಳಗಾದದ್ದು ಕೆಲಸ ಮಾಡುವ ರೀತಿ. ಪಿಎಚ್‌ಸಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನಲ್ಲಿ ಮಾಮೂಲಿಗಿಂತ ಸ್ವಲ್ಪ ಸುಧಾರಿಸಿದ ಚಿಕಿತ್ಸೆ. ಇನ್ನೊಂದರಲ್ಲಿ ಸಿಬ್ಬಂದಿಗೆ ಹೆಚ್ಚಿನ ತರಬೇತಿ, ಡಾಕ್ಟರ್‌ಗೆ ಮನೋವೈದ್ಯರ ಬೆಂಬಲ, ಮತ್ತು ಊರಿನಲ್ಲೇ ಆಶಾ ಕಾರ್ಯಕರ್ತೆಯರು ನಡೆಸುವ ಆರೋಗ್ಯ ಗುಂಪುಗಳು. ಊಟ, ವ್ಯಾಯಾಮ, ಮಾತ್ರೆ ಬಿಡದೇ ಇರೋದು, ಮನಸ್ಸಿನ ಭಾರ ಇಳಿಸಿಕೊಳ್ಳೋದು, ಇವು ಅಲ್ಲಿನ ಮಾತುಕತೆ.

ಫಲಿತಾಂಶ 2022ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಎಲ್ಲರೂ ಕೈಜೋಡಿಸಿ ನೋಡಿಕೊಂಡ ಕಡೆ ಖಿನ್ನತೆ ಹೆಚ್ಚು ಇಳಿದಿತ್ತು. ಅಂದರೆ ಮನಸ್ಸಿನ ಕಾಯಿಲೆಗೆ ಪ್ರತಿ ಸಲ ಬೆಂಗಳೂರಿಗೇ ಓಡಬೇಕಿಲ್ಲ, ನಮ್ಮ ಪಿಎಚ್‌ಸಿಯನ್ನೇ ಗಟ್ಟಿ ಮಾಡಿದರೆ ಕೆಲಸ ಆಗುತ್ತೆ ಅಂತ ಲೆಕ್ಕ ಸಮೇತ ತೋರಿಸಿದ್ದು ನಮ್ಮ ಜಿಲ್ಲೆಯ ಜನರ ಒಪ್ಪಿಗೆಯಿಂದ. (ಇಂಥ ಬೇಸರ ಎರಡು ವಾರಕ್ಕಿಂತ ಹೆಚ್ಚು ದಿನ ಇದ್ದರೆ ಪಿಎಚ್‌ಸಿ ಡಾಕ್ಟರ್ ಹತ್ತಿರ ಹೇಳಿಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಬಹುದು.)

ಚೀಟಿ ಎತ್ತೋದು ಯಾಕೆ?

‘ನಮ್ಮ ಊರಿಗೆ ಯಾಕೆ ಕಡಿಮೆ ಸಿಗಬೇಕು?’ ಅಂತ ಕೇಳೋದು ಸಹಜ. ಡಾಕ್ಟರ್‌ಗೇ ಆರಿಸೋಕೆ ಬಿಟ್ಟರೆ, ಹೇಳಿದ ಮಾತು ಕೇಳುವ, ತಪ್ಪದೇ ಬರುವ ರೋಗಿಗಳೇ ಹೊಸ ಪದ್ಧತಿಗೆ ಸೇರಿಬಿಡಬಹುದು. ಅವರು ಹೇಗಿದ್ದರೂ ಬೇಗ ಸುಧಾರಿಸುವವರು. ಆಮೇಲೆ ‘ಹೊಸದೇ ಚೆನ್ನ’ ಅಂದರೆ ಅದು ಪದ್ಧತಿಯ ಗುಣವೋ, ಆರಿಸಿದವರ ಗುಣವೋ ಗೊತ್ತಾಗಲ್ಲ. ಚೀಟಿ ಎತ್ತಿದರೆ ಬಡವರು, ಉಳ್ಳವರು, ಶಿಸ್ತಿನವರು, ಶಿಸ್ತಿಲ್ಲದವರು ಎರಡೂ ಕಡೆ ಹೆಚ್ಚುಕಮ್ಮಿ ಸಮನಾಗಿ ಬೀಳ್ತಾರೆ. ಆಗ ಕಾಣುವ ವ್ಯತ್ಯಾಸ ಪದ್ಧತಿಯದ್ದೇ ಅಂತ ಧೈರ್ಯವಾಗಿ ಹೇಳಬಹುದು.

ಇನ್ನೊಂದು ಮಾತು. ಯಾವುದು ಮೇಲು ಅನ್ನೋದು ನಿಜವಾಗಿ ಗೊತ್ತಿಲ್ಲದಿದ್ದಾಗ ಮಾತ್ರ ಹೀಗೆ ಚೀಟಿ ಎತ್ತುವುದು ನ್ಯಾಯ.

ಎರಡನೆಯದು: ಬರೀ ಲೆಕ್ಕ ಬರೆದಿಟ್ಟ ಅಧ್ಯಯನ

ಕೆಲವು ಅಧ್ಯಯನಗಳಲ್ಲಿ ಏನೂ ಕೊಡೋದಿಲ್ಲ, ಏನೂ ಬದಲಿಸೋದಿಲ್ಲ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಏನು ಚಿಕಿತ್ಸೆ ಸಿಕ್ಕಿತು, ಆಮೇಲೆ ಏನಾಯ್ತು ಅಂತ ಶಿಸ್ತಾಗಿ ಬರೆದಿಡೋದು. ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಝೇವಿಯರ್, ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ದೇಶದ 50 ನಗರಗಳ 89 ಆಸ್ಪತ್ರೆಗಳಲ್ಲಿ ಹೃದಯಾಘಾತದ ರೋಗಿಗಳ ಇಂಥ ಲೆಕ್ಕ ಇಟ್ಟರು. ಹೆಸರು ‘ಕ್ರಿಯೇಟ್’. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಈ ಲೆಕ್ಕ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು.

ಅದರಲ್ಲಿ ಎರಡು ವಿಷಯ ನಾವೆಲ್ಲ ನೆನಪಿಡಬೇಕು.

ಮೊದಲನೆಯದು ಸಮಯ. ರಕ್ತನಾಳ ಪೂರ್ತಿ ಮುಚ್ಚಿಕೊಳ್ಳುವ ಜೋರಾದ ಹೃದಯಾಘಾತದಲ್ಲಿ, ನೋವು ಶುರುವಾದ ಮೇಲೆ ಆಸ್ಪತ್ರೆ ತಲುಪಲು ಅರ್ಧದಷ್ಟು ಜನಕ್ಕೆ 360 ನಿಮಿಷ, ಅಂದರೆ 6 ಗಂಟೆಗಿಂತ ಹೆಚ್ಚು ಹಿಡಿದಿತ್ತು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಗ ಕೊಟ್ಟಷ್ಟೂ ಲಾಭ, ಮೊದಲ ಒಂದೆರಡು ಗಂಟೆಯಲ್ಲಿ ಅತಿ ಹೆಚ್ಚು. ನಮ್ಮಲ್ಲಿ ಆ ಹೊತ್ತು ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಸೋಡಾ ಕುಡಿದು, ಗಲ್ಲಾ ಮುಂದೆ ಎದೆ ನೀವಿಕೊಂಡು ಕೂರೋದರಲ್ಲೇ ಕಳೆದುಹೋಗುತ್ತೆ.

ಎರಡನೆಯದು ದುಡ್ಡು. 30 ದಿನದೊಳಗೆ ತೀರಿಕೊಂಡವರು ಶ್ರೀಮಂತರಲ್ಲಿ ನೂರಕ್ಕೆ 5.5, ಬಡವರಲ್ಲಿ ನೂರಕ್ಕೆ 8.2. ಯಾಕೆ ಅಂತ ಬಿಡಿಸಿ ನೋಡಿದಾಗ, ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತಗೊಂಡರೆ ಸಾವಿನ ಆ ಅಂತರ ಇಲ್ಲವಾಯಿತು. ಅಂದರೆ ಬಡವರ ಹೃದಯವೇನೂ ಬೇರೆಯಲ್ಲ. ಅವರಿಗೆ ಬೇಕಾದ ಔಷಧಿ, ಚಿಕಿತ್ಸೆ ಸಿಕ್ಕಿರಲಿಲ್ಲ. ‘ಹಣೆಬರಹ’ ಅಂತ ಬಿಟ್ಟಿದ್ದನ್ನು ಸರಿ ಮಾಡಬಹುದು ಅನ್ನೋದು ಗೊತ್ತಾಗಿದ್ದು ಹೀಗೆ, ಸುಮ್ಮನೆ ಬರೆದಿಟ್ಟ ಲೆಕ್ಕದಿಂದ.

ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಅದನ್ನು ಹೃದ್ರೋಗ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆ ಕೊಡುವ ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ತಿರುಳೂ ಇದೇ: ದೂರದ ದೊಡ್ಡಾಸ್ಪತ್ರೆಗಿಂತ ಹತ್ತಿರದ ಇಂಜೆಕ್ಷನ್ ಮೊದಲು. ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇದೆಯಾ ಅಂತ ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ಎದೆ ನೋವು ಬಂದಾಗ ವಿಚಾರಿಸೋಕೆ ಹೊತ್ತಿರಲ್ಲ.

ಮೂರನೆಯದು: ಬಸುರಿಗೆ ಎಷ್ಟು ಕ್ಯಾಲ್ಸಿಯಂ ಬೇಕು?

ಇದು ಮಾತ್ರೆಯನ್ನೇ ಹೋಲಿಸಿ ನೋಡಿದ ಅಧ್ಯಯನ. ಬಸುರಿಯರಲ್ಲಿ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವ ಒಂದು ಅಪಾಯಕಾರಿ ಸ್ಥಿತಿ ಇದೆ. ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ಇದನ್ನು ತಡೆಯಲು ದಿನಕ್ಕೆ 1,500ರಿಂದ 2,000 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ದಿನಕ್ಕೆ ಮೂರು ದಪ್ಪ ಮಾತ್ರೆ. ನುಂಗೋದು ಕಷ್ಟ, ಸರ್ಕಾರಕ್ಕೆ ಖರ್ಚೂ ಜಾಸ್ತಿ. ಒಂದೇ ಮಾತ್ರೆ ಸಾಲಲ್ವಾ?

ಸೇಂಟ್ ಜಾನ್ಸ್ ಸಂಶೋಧಕರು ಹಾರ್ವರ್ಡ್‌ನವರ ಜೊತೆ ಸೇರಿ ಬೆಂಗಳೂರಿನಲ್ಲಿ ಚೊಚ್ಚಲ ಬಸುರಿಯರಾದ 11,000 ಹೆಣ್ಣುಮಕ್ಕಳಲ್ಲಿ ಇದನ್ನು ನೋಡಿದರು. ಆಫ್ರಿಕಾದ ಟಾಂಜಾನಿಯಾದಲ್ಲೂ ಅಷ್ಟೇ ಜನರಲ್ಲಿ ನಡೆಯಿತು. ಎಲ್ಲರಿಗೂ ದಿನಕ್ಕೆ ಮೂರು ಮಾತ್ರೆ. ಅರ್ಧದಷ್ಟು ಜನಕ್ಕೆ ಮೂರರಲ್ಲೂ ಕ್ಯಾಲ್ಸಿಯಂ. ಉಳಿದವರಿಗೆ ಒಂದರಲ್ಲಿ ಮಾತ್ರ, ಇನ್ನೆರಡು ನೋಡೋಕೆ ಅದೇ ಥರ ಇರುವ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ತಾಯಿಗೂ ಗೊತ್ತಿಲ್ಲ, ನೋಡುವ ಡಾಕ್ಟರ್‌ಗೂ ಗೊತ್ತಿಲ್ಲ. ಗೊತ್ತಿದ್ದರೆ ಮನಸ್ಸು ಒಂದು ಕಡೆ ವಾಲುತ್ತೆ ಅಂತ ಈ ಗುಟ್ಟು.

ಗಮನಿಸಿ: ಕ್ಯಾಲ್ಸಿಯಂ ಪೂರ್ತಿ ಇಲ್ಲದ ಗುಂಪು ಇಲ್ಲಿ ಇರಲಿಲ್ಲ. ಎಲ್ಲರಿಗೂ ಕನಿಷ್ಠ 500 ಮಿಲಿಗ್ರಾಂ ಸಿಕ್ಕಿತ್ತು.

2024ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಫಲಿತಾಂಶ ಬಂತು. ಬೆಂಗಳೂರಿನಲ್ಲಿ ಆ ಬಿಪಿ ತೊಂದರೆ ಕಾಣಿಸಿಕೊಂಡದ್ದು ಕಡಿಮೆ ಕ್ಯಾಲ್ಸಿಯಂ ತಗೊಂಡವರಲ್ಲಿ ನೂರಕ್ಕೆ 3.0, ಹೆಚ್ಚು ತಗೊಂಡವರಲ್ಲಿ 3.6. ಒಂದು ಮಾತ್ರೆಯೂ ಮೂರಕ್ಕೆ ಕಮ್ಮಿಯಿಲ್ಲ ಅಂತಾಯ್ತು. ಹಾಗಂತ ನಿಮ್ಮ ಮನೆಯ ಬಸುರಿ ಹೆಣ್ಣುಮಗಳ ಮಾತ್ರೆಯನ್ನು ನೀವೇ ಕಡಿಮೆ ಮಾಡಬೇಡಿ. ಡಾಕ್ಟರೋ ನರ್ಸಮ್ಮನೋ ಹೇಳಿದಷ್ಟನ್ನೇ ಕೊಡಿ. ನಿಯಮ ಬದಲಾಯಿಸೋದು ಸರ್ಕಾರದ ಕೆಲಸ.

ಇಷ್ಟೆಲ್ಲ ಒಳ್ಳೆಯದಿದ್ದರೆ ಹೆದರಿಕೆ ಯಾಕೆ?

ಹೆದರಿಕೆಗೆ ಕಾರಣವೂ ಇದೆ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಕೊಟ್ಟು ನೋಡುವ ಒಂದು ಯೋಜನೆ ನಡೆಯಿತು. ಹಾಸ್ಟೆಲ್‌ನಲ್ಲಿದ್ದ ಆದಿವಾಸಿ ಮಕ್ಕಳ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮನ ಬದಲು ವಾರ್ಡನ್‌ಗಳೇ ಸಹಿ ಹಾಕಿದ್ದು ಬೆಳಕಿಗೆ ಬಂತು. ಆ ಅವಧಿಯಲ್ಲಿ ಕೆಲವು ಹುಡುಗಿಯರು ತೀರಿಕೊಂಡರು. ಸಾವಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಂಡುಬರಲಿಲ್ಲ. ಆ ಲಸಿಕೆ ಇವತ್ತಿಗೂ ಜಗತ್ತಿನ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ತಪ್ಪು ಇದ್ದದ್ದು ಒಪ್ಪಿಗೆ ಪಡೆದ ರೀತಿಯಲ್ಲಿ. 2010ರ ಏಪ್ರಿಲ್‌ನಲ್ಲಿ ಸರ್ಕಾರ ಯೋಜನೆಯನ್ನೇ ನಿಲ್ಲಿಸಿತು, ಸಂಸತ್ತಿನ ಸಮಿತಿ ಕಟುವಾಗಿ ಟೀಕಿಸಿತು, ಔಷಧಿ ಪ್ರಯೋಗಗಳ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

ಆಮೇಲೆ ಕಾನೂನು ಬಿಗಿಯಾಯಿತು. ಈಗ ಹೊಸ ಔಷಧಿ ಪ್ರಯೋಗಗಳಿಗೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ಮನುಷ್ಯರ ಮೇಲೆ ನಡೆಯುವ ಎಲ್ಲ ಬಗೆಯ ಸಂಶೋಧನೆಗೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದೆ.

ನಿಮ್ಮ ಹಕ್ಕುಗಳು ಏನು?

* ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಇಂಗ್ಲಿಷ್ ಹಾಳೆ ಕೊಟ್ಟರೆ ‘ಕನ್ನಡದ್ದು ಕೊಡಿ’ ಅಂತ ಕೇಳಿ. ಒಂದು ಪ್ರತಿ ನಿಮಗೆ ಕೊಡಬೇಕು.
* ಓದೋಕೆ ಬರದವರಿಗೆ, ಆ ಸಂಶೋಧನಾ ತಂಡಕ್ಕೆ ಸೇರದ ಒಬ್ಬ ಸಾಕ್ಷಿಯ ಎದುರು ಎಲ್ಲವನ್ನೂ ಓದಿ ಹೇಳಬೇಕು. ಆ ಸಾಕ್ಷಿಯೂ ಸಹಿ ಹಾಕಬೇಕು.
* ‘ಬೇಡ’ ಅನ್ನಬಹುದು. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಗೆ ಬರಬಹುದು. ಅದಕ್ಕಾಗಿ ನಿಮ್ಮ ಮಾಮೂಲಿ ಚಿಕಿತ್ಸೆಗೆ ತೊಂದರೆ ಮಾಡುವಂತಿಲ್ಲ.
* ಮನೆಗೆ ಹೋಗಿ ಮಾತಾಡಿಕೊಂಡು ಬರ್ತೀವಿ ಅಂತ ಟೈಮ್ ಕೇಳಬಹುದು.
* ಮಕ್ಕಳಾದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಏಳು ವರ್ಷ ದಾಟಿದ ಮಗುವಾದರೆ ಅದಕ್ಕೂ ತಿಳಿಸಿ ಹೇಳಿ ಕೇಳಬೇಕು.
* ಔಷಧಿ ಪ್ರಯೋಗದಲ್ಲಿ ಆರೋಗ್ಯಕ್ಕೆ ಏಟು ಬಿದ್ದರೆ ಪುಕ್ಕಟೆ ಚಿಕಿತ್ಸೆ ಕೊಡಬೇಕು. ಪ್ರಯೋಗದಿಂದಲೇ ಆದ ಹಾನಿ ಅಂತ ತೀರ್ಮಾನವಾದರೆ ಪರಿಹಾರವೂ ಸಿಗಬೇಕು. ಸಾವು ಸಂಭವಿಸಿದರೆ ಆ ಪರಿಹಾರ ವಾರಸುದಾರರಿಗೆ.
* ನಿಮ್ಮ ಹೆಸರು, ಕಾಯಿಲೆಯ ವಿವರ ಗುಟ್ಟಾಗಿರಬೇಕು.

ಇದನ್ನೆಲ್ಲ ನೋಡಿಕೊಳ್ಳುವುದು ಎಥಿಕ್ಸ್ ಕಮಿಟಿ. ಔಷಧಿ ಪ್ರಯೋಗಕ್ಕೆ ಅನುಮತಿ ಕೊಡುವ ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು. ಅದರಲ್ಲಿ ಡಾಕ್ಟರ್‌ಗಳಷ್ಟೇ ಇದ್ದರೆ ಆಗಲ್ಲ, ಕಾನೂನು ಬಲ್ಲವರು, ನಮ್ಮ ನಿಮ್ಮಂಥ ಸಾಮಾನ್ಯರೊಬ್ಬರೂ ಇರಬೇಕು. ಅರ್ಧದಷ್ಟು ಸದಸ್ಯರು ಆ ಸಂಸ್ಥೆಗೆ ಸೇರದವರಾಗಿರಬೇಕು. ಯಾರನ್ನು ಸಂಪರ್ಕಿಸಬೇಕು ಅನ್ನೋದು ನಿಮ್ಮ ಒಪ್ಪಿಗೆ ಪತ್ರದಲ್ಲೇ ಇರಬೇಕು. ಏನಾದರೂ ಸರಿ ಕಾಣದಿದ್ದರೆ ಮೊದಲು ಅಲ್ಲಿಗೆ ದೂರು ಕೊಡಿ.

ಸಹಿಗೆ ಮುಂಚೆ ಕೇಳಬೇಕಾದ 8 ಪ್ರಶ್ನೆ

1. ಇದು ನನ್ನ ಚಿಕಿತ್ಸೆಯೋ, ಸಂಶೋಧನೆಯೋ?
2. ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತೆ?
3. ನನಗೆ ಕೊಡೋದು ಹೊಸ ಔಷಧಿಯೋ, ಈಗಾಗಲೇ ಬಳಕೆಯಲ್ಲಿರುವುದೋ? ಖಾಲಿ ಮಾತ್ರೆ ಸಿಗುವ ಸಾಧ್ಯತೆ ಇದೆಯಾ?
4. ಏನು ತೊಂದರೆ ಆಗಬಹುದು? ಆದರೆ ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಲಿ?
5. ಎಷ್ಟು ಸಲ ಬರಬೇಕು? ಬಸ್ ಚಾರ್ಜು, ಒಂದು ದಿನದ ಕೂಲಿ ಅಥವಾ ಅಂಗಡಿ ನಷ್ಟಕ್ಕೆ ಏನಾದರೂ ಕೊಡ್ತೀರಾ?
6. ಟೆಸ್ಟ್‌ಗಳ ಖರ್ಚು ಯಾರದು?
7. ನನ್ನ ರಕ್ತ, ನನ್ನ ವಿವರ ಮುಂದೆ ಬೇರೆ ಯಾವುದಕ್ಕಾದರೂ ಬಳಸ್ತೀರಾ?
8. ಇದು ಸಿಟಿಆರ್‌ಐನಲ್ಲಿ ನೋಂದಣಿ ಆಗಿದೆಯಾ? ನಂಬರ್ ಏನು?

ಕೊನೆಯ ಪ್ರಶ್ನೆ ಬಹಳ ಮುಖ್ಯ. ಸಿಟಿಆರ್‌ಐ ಅಂದರೆ ದೇಶದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳ ಸಾರ್ವಜನಿಕ ದಾಖಲೆ. 2007ರಲ್ಲಿ ಶುರುವಾಯಿತು. ಔಷಧಿ ಪ್ರಯೋಗಗಳಿಗೆ 2009ರ ಜೂನ್ 15ರಿಂದ ನೋಂದಣಿ ಕಡ್ಡಾಯ. ಸಿಟಿಆರ್‌ಐ ಡಾಟ್ ಎನ್‌ಐಸಿ ಡಾಟ್ ಇನ್ ತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಅಲ್ಲಿರೋದು ಇಂಗ್ಲಿಷ್‌ನಲ್ಲಿ, ಹಾಗಾಗಿ ಕಾಲೇಜಿಗೆ ಹೋಗುವ ಮಕ್ಕಳ ಕೈಲಿ ನಂಬರ್ ಹಾಕಿಸಿ ನೋಡಿ. ಪಿಜಿ ಥೀಸಿಸ್, ಲೆಕ್ಕ ಬರೆದಿಡುವ ಅಧ್ಯಯನಗಳೆಲ್ಲ ಅಲ್ಲಿ ಇರಲೇಬೇಕೆಂದಿಲ್ಲ. ಅವುಗಳಿಗೆ ಎಥಿಕ್ಸ್ ಕಮಿಟಿಯ ಅನುಮತಿ ಪತ್ರ ಕೇಳಿ.

ದುಡ್ಡಿನ ಆಸೆ ತೋರಿಸಿದರೆ?

‘ಎರಡು ದಿನ ಉಳಿದುಕೊಂಡರೆ ಇಷ್ಟು ಸಾವಿರ’ ಅಂತ ಆರೋಗ್ಯವಂತ ಹುಡುಗರನ್ನು ಔಷಧಿ ಪರೀಕ್ಷೆಗೆ ಕರೆಯುವುದೂ ಇದೆ. ಮಾರುಕಟ್ಟೆಗೆ ಬರುವ ಬೇರೆ ಕಂಪನಿಯ ಮಾತ್ರೆ ಮೂಲ ಔಷಧಿಯಷ್ಟೇ ರಕ್ತಕ್ಕೆ ಸೇರುತ್ತಾ ಅಂತ ನೋಡಲು ಇಂಥ ಪರೀಕ್ಷೆ ಬೇಕು, ಕಾನೂನುಬದ್ಧವೂ ಹೌದು. ಆದರೆ ಕೊಡುವ ದುಡ್ಡಿಗೂ ಎಥಿಕ್ಸ್ ಕಮಿಟಿ ಒಪ್ಪಿರಬೇಕು. ಮಧ್ಯವರ್ತಿಗಳು ಕರೆದುಕೊಂಡು ಹೋಗುವುದು, ಹಾಳೆ ಓದಲು ಬಿಡದಿರುವುದು, ಒಂದು ಕಡೆ ಮುಗಿದ ವಾರದಲ್ಲೇ ಇನ್ನೊಂದು ಕಡೆ ಸೇರಿಸುವುದು ಕಂಡರೆ ಅಲ್ಲಿಂದ ಎದ್ದು ಬನ್ನಿ. ಬೇಗ ಬೇಗ ಎರಡು ಕಡೆ ಸೇರಿದರೆ ಎರಡು ಔಷಧಿ ದೇಹದಲ್ಲಿ ಬೆರೆತು ಜೀವಕ್ಕೇ ಅಪಾಯ. ಮನೆಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರಿದ್ದರೆ ಇದನ್ನು ಒಂದು ಮಾತು ಹೇಳಿಡಿ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ್ ಮುಂದೆ ಪ್ರಶ್ನೆ ಕೇಳೋಕೆ ನಮ್ಮವರಿಗೆ ಸಂಕೋಚ. ಅಂಗಡಿಯಲ್ಲಿ ಒಂದು ಮೂಟೆ ಅಕ್ಕಿ ತರಿಸುವಾಗಲೂ ಎರಡು ಸಲ ಬಿಲ್ ನೋಡುತ್ತೇವೆ. ಇಲ್ಲೂ ಹಾಗೆಯೇ ಹಾಳೆ ಪೂರ್ತಿ ಓದಿಸಿಕೊಳ್ಳಿ, ಮೇಲಿನ ಎಂಟು ಪ್ರಶ್ನೆ ಕೇಳಿ. ಸಮಾಧಾನವಾದರೆ ಸೇರಿ, ಇಲ್ಲದಿದ್ದರೆ ‘ಬೇಡ ಸಾರ್’ ಅನ್ನಿ. ಈ ಎಂಟು ಪ್ರಶ್ನೆಗಳನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಬೆಂಗಳೂರಿಗೆ ತೋರಿಸಲು ಹೊರಟಿರುವ ನೆಂಟರಿಷ್ಟರಿಗೂ ಕಳಿಸಿ.